ಹೃದಯದ ಅಚ್ಚು, ಹೂವಿನ ಬುಟ್ಟಿ
(ಸಂತ ವ್ಯಾಲೆಂಟೈನರ ಸ್ಮರಣೆಗೆ ಮುನ್ನ, ಫೆಬ್ರವರಿ ತಿಂಗಳ ಮೊದಲ ಭಾನುವಾರ ನೀಡಿದ ಪ್ರಬೋಧನೆ)



ಕಳೆದ ವಾರ ಪೂಜೆ ಮುಗಿಸಿ ನಾನು ಇನ್ನೂ ಪೂಜಾವಸ್ತ್ರ ಕಳಚುತ್ತಿದ್ದೆ. ಹಿರಿಯರೊಬ್ಬರು ಸಕ್ರಿಸ್ತಿಯ ಬಾಗಿಲಲ್ಲಿ ಬಂದು ನಿಂತರು. "ಸ್ವಾಮಿ, ಈ ಸಲವೂ ಹುಡುಗರು ವ್ಯಾಲೆಂಟೈನ್ ಮಿಠಾಯಿ ಮಾಡ್ತಾರಂತೆ. ಅದೇನು ನಮ್ಮ ಹಬ್ಬವೇ? ಅಂಗಡಿಯವರು ಹುಟ್ಟುಹಾಕಿದ ಹಬ್ಬ ಅಲ್ವೇ?" ಎಂದು ಕೇಳಿದರು. ಕೋಪದಿಂದಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದರು. ಅವರಿಗೆ ನಿಂತ ನಿಲುವಿನಲ್ಲಿ ಉತ್ತರ ಕೊಡಲಾಗಲಿಲ್ಲ. ಇಂದು ಕೊಡುತ್ತೇನೆ.

ವ್ಯಾಲೆಂಟೈನ್ ಎಂಬುದು ಅಂಗಡಿಯವರು ಇಟ್ಟ ಹೆಸರಲ್ಲ. ಮೂರನೆಯ ಶತಮಾನದಲ್ಲಿ ರೋಮಿನಲ್ಲಿ ವಿಶ್ವಾಸಕ್ಕಾಗಿ ಪ್ರಾಣ ತೆತ್ತ ರಕ್ತಸಾಕ್ಷಿಯೊಬ್ಬರ ಹೆಸರು ಅದು. ಅವರನ್ನು ಸಮಾಧಿ ಮಾಡಿದ್ದು ಫ್ಲಮೀನಿಯಾ ರಸ್ತೆಯ ಬದಿಯಲ್ಲಿ ಎಂದು ಧರ್ಮಸಭೆ ಪ್ರಾಚೀನ ಕಾಲದಿಂದ ನೆನೆಯುತ್ತ ಬಂದಿದೆ. ಅಷ್ಟು ಬಿಟ್ಟರೆ ನಾವು ಕೇಳುವ ಕಥೆಗಳೆಲ್ಲ, ಸೈನಿಕರಿಗೆ ಗುಟ್ಟಾಗಿ ಮದುವೆ ಮಾಡಿಸಿದ್ದು, ಸೆರೆಮನೆಯ ಅಧಿಕಾರಿಯ ಮಗಳಿಗೆ ಚೀಟಿ ಬರೆದದ್ದು, ಎಷ್ಟೋ ಕಾಲದ ನಂತರ ಸೇರಿಕೊಂಡ ದಂತಕಥೆಗಳು. ಆದ್ದರಿಂದಲೇ 1969ರಲ್ಲಿ ಧರ್ಮಸಭೆಯ ಪಂಚಾಂಗವನ್ನು ಪರಿಷ್ಕರಿಸಿದಾಗ ಅವರ ಸ್ಮರಣೆಯನ್ನು ವಿಶ್ವ ಧರ್ಮಸಭೆಯ ಪಟ್ಟಿಯಿಂದ ಕೈಬಿಡಲಾಯಿತು. ಅವರು ಸಂತರಲ್ಲ ಎಂದಲ್ಲ. ರೋಮಿನ ರಕ್ತಸಾಕ್ಷಿಗಳ ಗ್ರಂಥದಲ್ಲಿ ಫೆಬ್ರವರಿ 14ಕ್ಕೆ ಅವರ ಹೆಸರು ಇಂದಿಗೂ ಇದೆ. ಆ ದಿನ ನಾವು ಪೂಜೆಯಲ್ಲಿ ಸ್ಮರಿಸುವುದು ಸಂತ ಸಿರಿಲ್ ಮತ್ತು ಸಂತ ಮೆಥೋಡಿಯಸ್ ಎಂಬ ಅಣ್ಣತಮ್ಮಂದಿರನ್ನು. ಸ್ಲಾವ್ ಜನ ತಮ್ಮ ನುಡಿಯಲ್ಲೇ ದೇವರನ್ನು ಆರಾಧಿಸಲಿ ಎಂದು ಅವರಿಗಾಗಿ ಲಿಪಿಯನ್ನೇ ರೂಪಿಸಿಕೊಟ್ಟವರು ಇವರು. ಕನ್ನಡದಲ್ಲಿ ಪೂಜೆ ಬೇಕೆಂದು ಎಷ್ಟೋ ವರ್ಷ ಕೇಳಿ ಪಡೆದುಕೊಂಡ ನಮ್ಮ ಹಿರಿಯರಿಗೆ ಈ ಅಣ್ಣತಮ್ಮಂದಿರು ಹತ್ತಿರದವರಾಗಬೇಕು. ಆದರೆ ಅದು ಇನ್ನೊಂದು ಪ್ರಬೋಧನೆಯ ವಿಷಯ.

ಪ್ರೇಮಿಗಳ ದಿನ ಎಂಬ ಅರ್ಥ ಬಂದದ್ದು ಹದಿನಾಲ್ಕನೆಯ ಶತಮಾನದ ಇಂಗ್ಲೆಂಡಿನ ಕವಿ ಚಾಸರನ ಕಾಲದಿಂದ ಎನ್ನುತ್ತಾರೆ. ಹೃದಯದಾಕಾರದ ಚಾಕೊಲೇಟು ಡಬ್ಬಿ ಇನ್ನೂ ತಡ. 1860ರ ದಶಕದಲ್ಲಿ ಇಂಗ್ಲೆಂಡಿನ ರಿಚರ್ಡ್ ಕ್ಯಾಡ್ಬರಿ ಅದನ್ನು ಮಾರುಕಟ್ಟೆಗೆ ತಂದರು. ಹಾಗಾಗಿ ನಮ್ಮ ಹಿರಿಯರು ಹೇಳಿದ್ದು ಅರ್ಧ ಸರಿ. ಹೆಸರು ಸಂತರದು, ಡಬ್ಬಿ ಅಂಗಡಿಯವರದು.

ಇನ್ನುಳಿದ ಅರ್ಧ ಉತ್ತರಕ್ಕೆ ನಾನು 2024ಕ್ಕೆ ಹೋಗಬೇಕು. ಆ ವರ್ಷ ನಮ್ಮ ಯುವಜನರು ಮೊದಲ ಬಾರಿಗೆ ಈ ಕೆಲಸಕ್ಕೆ ಕೈ ಹಾಕಿದರು. ನಿಮ್ಮಲ್ಲಿ ಹಲವರು ಮಿಠಾಯಿ ಕೊಂಡಿದ್ದೀರಿ. ಒಳಗೆ ನಡೆದದ್ದು ಎಲ್ಲರಿಗೂ ಗೊತ್ತಿಲ್ಲ. ಅದರಲ್ಲಿ ತಪ್ಪಿದವರ ಪೈಕಿ ನಾನೂ ಒಬ್ಬ. ಆದ್ದರಿಂದ ಹೇಳುವ ಹಕ್ಕು ನನಗಿದೆ.

ನಮ್ಮ ಧರ್ಮಕೇಂದ್ರದ ಒಬ್ಬ ಆಟೋ ಚಾಲಕರಿಗೆ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಅವರಿಂದ ಹಣ ಪಡೆಯುತ್ತಿರಲಿಲ್ಲ, ನಿಜ. ಆದರೆ ಹೋಗಿಬರುವ ಖರ್ಚು, ಹೊರಗೆ ಬರೆದುಕೊಟ್ಟ ಇಂಜೆಕ್ಷನ್, ಆಟೋ ಓಡದ ದಿನಗಳ ದುಡಿಮೆ, ಅದರ ಮೇಲೆ ಆಟೋ ಸಾಲದ ಕಂತು. ಯುವಜನರು ಬಂದು, "ಸ್ವಾಮಿ, ಚಂದಾ ಎತ್ತೋದು ಬೇಡ, ನಾವೇ ಏನಾದ್ರೂ ಮಾಡಿ ಮಾರ್ತೀವಿ. ವ್ಯಾಲೆಂಟೈನ್ ಡೇಗೆ ಮಿಠಾಯಿ, ಗುಲಾಬಿ ಗುಚ್ಛ" ಎಂದರು. ನಾನು ಒಪ್ಪಿದೆ.

ಮೊದಲ ತೊಡಕು ದಿನಾಂಕದ್ದು. 2018ರಂತೆ ಆ ವರ್ಷವೂ ಫೆಬ್ರವರಿ 14ಕ್ಕೇ ವಿಭೂತಿ ಬುಧವಾರ ಬಂದಿತ್ತು. ಹಣೆಗೆ ಬೂದಿ ಹಚ್ಚಿಕೊಂಡು ಕೈಯಲ್ಲಿ ಚಾಕೊಲೇಟು ಹಿಡಿಯುವುದು ಹೇಗೆ? ಆ ದಿನ ವರ್ಜ್ಯವಾದದ್ದು ಮಾಂಸ, ಮಿಠಾಯಿಯಲ್ಲ ಎಂದು ಒಬ್ಬ ಹುಡುಗ ನನಗೇ ಕಟ್ಟಳೆ ತೋರಿಸಿದ. ಅವನ ಮಾತು ಅಕ್ಷರಶಃ ಸರಿ. ಆದರೂ ಒಪ್ಪೊತ್ತಿನ ದಿನ ಮಿಠಾಯಿ ಅಂಗಡಿ ಬೇಡವೆಂದು ಮಾರಾಟವನ್ನು ಫೆಬ್ರವರಿ 11ರ ಭಾನುವಾರಕ್ಕೆ ಹಿಂದಕ್ಕೆ ತಂದೆವು. ಅದು ಲೂರ್ದು ಮಾತೆಯ ದಿನ. ಪೋಪ್ ಎರಡನೆಯ ಜಾನ್ ಪಾಲ್‌ರವರು 1992ರಲ್ಲಿ ಘೋಷಿಸಿ, 1993ರಿಂದ ಆಚರಣೆಗೆ ಬಂದ ವಿಶ್ವ ರೋಗಿಗಳ ದಿನವೂ ಅದೇ. ಆ ಭಾನುವಾರದ ಶುಭಸಂದೇಶ ಮಾರ್ಕನ ಮೊದಲ ಅಧ್ಯಾಯದ್ದು: ಯೇಸುಸ್ವಾಮಿ ಕುಷ್ಠರೋಗಿಯನ್ನು ಕೈಚಾಚಿ ಮುಟ್ಟಿ ಗುಣಪಡಿಸಿದ್ದು. ಇದನ್ನೆಲ್ಲ ನಾವು ಲೆಕ್ಕ ಹಾಕಿ ಹೊಂದಿಸಿದ್ದಲ್ಲ.

ಎರಡನೆಯ ತೊಡಕು ನಮ್ಮ ಕುರುಡುತನದ್ದು. ಯುವಜನರು ದೊಡ್ಡಬಳ್ಳಾಪುರದ ಕಡೆ ಪಾಲಿಹೌಸಿನಲ್ಲಿ ಗುಲಾಬಿ ಬೆಳೆಯುವ ರೈತರೊಬ್ಬರಿಗೆ ಮೂವತ್ತು ಕಟ್ಟಿಗೆ ಮುಂಗಡ ಕೊಟ್ಟು ಬಂದರು. ಕಟ್ಟಿಗೆ ಇಪ್ಪತ್ತು ಹೂವು. ಬೆಂಗಳೂರು, ಹೊಸೂರಿನ ಸುತ್ತಲ ಕೆಂಪು ಗುಲಾಬಿ ಈ ದಿನಗಳಲ್ಲಿ ವಿಮಾನ ಹತ್ತಿ ಹೊರದೇಶಕ್ಕೆ ಹೋಗುತ್ತದೆ, ಬೆಲೆ ಏರುತ್ತದೆ. ಬೆಲೆ ಏರುವ ಮೊದಲೇ ಗೊತ್ತುಮಾಡಿದೆವು ಎಂದು ಹುಡುಗರಿಗೆ ಹೆಮ್ಮೆ. ನಾನೂ ಬೆನ್ನು ತಟ್ಟಿದೆ. ಭಾನುವಾರದ ಪ್ರಕಟಣೆಯಲ್ಲಿ "ಗುಲಾಬಿ ಗುಚ್ಛ ಚರ್ಚಿನ ಅಂಗಳದಲ್ಲೇ ಸಿಗುತ್ತದೆ, ಹೊರಗೆ ಕೊಳ್ಳಬೇಡಿ" ಎಂದು ಓದಿದವನು ನಾನೇ.

ಮಾರನೆಯ ದಿನ ಬೆಳಿಗ್ಗೆ ನಮ್ಮ ಗೇಟಿನ ಬಳಿ ಹೂವು ಮಾರುವ ತಾಯಿ ಬಂಗಲೆಯ ಮೆಟ್ಟಿಲಿಗೆ ಬಂದರು. ಅವರು ನಮ್ಮ ಧರ್ಮದವರಲ್ಲ, ಆದರೆ ನಮ್ಮ ಮದುವೆ, ಸಾವು, ತೇರು ಎಲ್ಲದಕ್ಕೂ ಹೂವು ಕಟ್ಟಿದವರು. "ಫಾದ್ರೇ, ತಪ್ಪು ತಿಳೀಬೇಡಿ. ಈ ವಾರ ಒಂದೇ ನನಗೆ ನಾಲ್ಕು ಕಾಸು ಕಾಣೋದು. ಬುಧವಾರದಿಂದ ನಿಮ್ಮ ಉಪವಾಸ, ಒಳಗಡೆ ಹೂವೇ ಇಡಲ್ಲ. ಒಳಗೇ ಗುಲಾಬಿ ಮಾರಿದ್ರೆ ನನ್ನ ಹತ್ರ ಯಾರು ನಿಲ್ತಾರೆ?" ಎಂದರು.

ನಾನು ಮಾತಿಲ್ಲದೆ ನಿಂತೆ. ತಪಸ್ಸುಕಾಲದಲ್ಲಿ ಪೀಠಕ್ಕೆ ಹೂವಿಡುವುದಿಲ್ಲ ಎಂಬ ನಿಯಮ ನನಗೆ ಬಾಯಿಪಾಠ. ಆ ನಿಯಮದಿಂದ ಗೇಟಿನ ಬಳಿಯ ಬುಟ್ಟಿಗೆ ಏನಾಗುತ್ತದೆಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ.

ಸಂಜೆ ಯುವಜನರನ್ನು ಕರೆದು ವಿಷಯ ಹೇಳಿದೆ. ಒಬ್ಬ ಹುಡುಗ ಸಿಡುಕಿದ. "ಸ್ವಾಮಿ, ನಾವೇನು ನಮ್ಮ ಜೇಬಿಗೆ ಹಾಕ್ಕೊಳ್ತೀವಾ? ರೋಗಿಗೆ ತಾನೇ ಕೊಡೋದು?" ಎಂದ. ಕೆಟ್ಟ ಹುಡುಗನಲ್ಲ, ಆ ವಾರವೆಲ್ಲ ಎಲ್ಲರಿಗಿಂತ ಹೆಚ್ಚು ದುಡಿದವನು. ಅವನ ಮಾತಿಗೆ ನಾನು ಉಪದೇಶ ಮಾಡಲಿಲ್ಲ. ಸಮುವೇಲನ ಎರಡನೆಯ ಗ್ರಂಥದ ಹನ್ನೆರಡನೆಯ ಅಧ್ಯಾಯ ತೆಗೆದು ಓದಿಸಿದೆ. ಪ್ರವಾದಿ ನಾತಾನನು ದಾವೀದ ಅರಸನಿಗೆ ಹೇಳಿದ ಕಥೆ ನಿಮಗೆ ಗೊತ್ತು. ಹಿಂಡು ಹಿಂಡು ಕುರಿಗಳಿದ್ದ ಶ್ರೀಮಂತನ ಮನೆಗೆ ಅತಿಥಿ ಬಂದಾಗ, ಅವನು ತನ್ನ ಕುರಿಗಳನ್ನು ಮುಟ್ಟದೆ, ನೆರೆಯ ಬಡವ ಮಗಳಂತೆ ಸಾಕಿದ್ದ ಒಂದೇ ಒಂದು ಕುರಿಮರಿಯನ್ನು ಹಿಡಿದು ಅಡುಗೆ ಮಾಡಿಸಿದ. ಆ ಕಥೆಯಲ್ಲಿ ನಾವು ಗಮನಿಸದ ಒಂದು ಮಾತಿದೆ. ಶ್ರೀಮಂತ ಅಂದು ಮಾಡಿದ್ದು ಅತಿಥಿಸತ್ಕಾರ. ಕೆಲಸ ಒಳ್ಳೆಯದೇ. ಕುರಿ ಮಾತ್ರ ತನ್ನದಲ್ಲ.

ಯಾರೂ ಮಾತನಾಡಲಿಲ್ಲ. ಆಮೇಲೆ ಸಿಡುಕಿದ ಹುಡುಗನೇ, "ಹಾಗಾದ್ರೆ ಮುಂಗಡ ಕೊಟ್ಟ ಗುಲಾಬಿ ಏನ್ಮಾಡೋಣ?" ಎಂದು ಕೇಳಿದ. ಉತ್ತರವನ್ನು ಕೊಟ್ಟವರು ಮಿಠಾಯಿ ಮಾಡಲು ಬಂದಿದ್ದ ಒಬ್ಬ ಅಮ್ಮ. ಮೂವತ್ತು ಕಟ್ಟನ್ನೂ ನಾವು ಗೊತ್ತುಮಾಡಿದ ಸಗಟು ಬೆಲೆಗೇ ಆ ಹೂವಿನ ತಾಯಿಗೆ ವಹಿಸುವುದು, ಭಾನುವಾರ ಅವರು ಬುಟ್ಟಿಯೊಂದಿಗೆ ಗೇಟಿನಿಂದ ಅಂಗಳದೊಳಕ್ಕೆ ಬರುವುದು, ನಮ್ಮ ಗುಚ್ಛದಲ್ಲಿ ಹೂವೇ ಇರದೆ ಬರೀ ಮಿಠಾಯಿ ಇರುವುದು. ನಾನು ಬೈಬಲ್ ತೆರೆದು ಹುಡುಕಿದ್ದನ್ನು ಆ ಅಮ್ಮ ಕಾಯಿ ತುರಿಯುತ್ತಲೇ ಕಂಡುಕೊಂಡಿದ್ದರು.

ಮಿಠಾಯಿಯ ಗುಚ್ಛ ಹೇಗೆಂದು ತಾಯಂದಿರಿಗೆ ಕುತೂಹಲವಿರಬಹುದು, ಹೇಳುತ್ತೇನೆ. ತೆಂಗಿನಗರಿಯ ಕಡ್ಡಿಯನ್ನು ಗೇಣುದ್ದಕ್ಕೆ ಕತ್ತರಿಸಿ, ಬಣ್ಣದ ಹಾಳೆಯಲ್ಲಿ ಸುತ್ತಿದ ಚಾಕೊಲೇಟನ್ನು ತುದಿಗೆ ಕಟ್ಟಿ, ಕ್ರೇಪ್ ಕಾಗದದ ಎಸಳು ಸುತ್ತುವುದು. ಐದು ಕಡ್ಡಿಗೆ ಒಂದು ಗುಚ್ಛ. ಚಾಕೊಲೇಟು ಎಂದರೆ ಬೇಕರಿಯವರು ಬಳಸುವ ಕಾಂಪೌಂಡ್ ಗಟ್ಟಿ. ಅದನ್ನು ನೇರ ಒಲೆಯ ಮೇಲಿಡದೆ, ಬಿಸಿನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ ಹೃದಯದ ಅಚ್ಚಿಗೆ ಹೊಯ್ಯಬೇಕು. ಒಂದು ಹನಿ ನೀರು ಬಿದ್ದರೂ ಕೆಟ್ಟಿತು. ಮೊದಲ ದಿನ ಆವಿಯ ಹನಿ ಬಿದ್ದು ಎರಡು ಕಿಲೋ ಮಣ್ಣಿನ ಮುದ್ದೆಯಂತಾಯಿತು. ಅಳುತ್ತಿದ್ದ ಹುಡುಗಿಯರನ್ನು ಸಮಾಧಾನಪಡಿಸಿ, ಹಿರಿಯ ಸಿಸ್ಟರ್ ಒಬ್ಬರು ಅದಕ್ಕೆ ಬಿಸಿ ಹಾಲು, ಬೆಣ್ಣೆ ಹಾಕಿ ಕಲಸಿ, ಮಾರಿ ಬಿಸ್ಕತ್ತಿನ ಪುಡಿ ಬೆರೆಸಿ ಉಂಡೆ ಕಟ್ಟಿದರು. ಭಾನುವಾರ ಮೊದಲು ಖಾಲಿಯಾದದ್ದು ಆ ಉಂಡೆಯೇ.

ಅದರ ಜೊತೆ ಕೊಬ್ಬರಿ ಮಿಠಾಯಿ. ಕಾಯಿಯ ಬಿಳಿ ಭಾಗ ಮಾತ್ರ ತುರಿದು, ಸಕ್ಕರೆ, ಹಾಲು ಸೇರಿಸಿ, ಬಣ್ಣಕ್ಕೆ ಬೀಟ್‌ರೂಟಿನ ರಸ ಎರಡು ಚಮಚ, ಏಲಕ್ಕಿ. ತಳ ಬಿಡುವ ತನಕ ಕೈಬಿಡದೆ ತಿರುವುವುದು. ಆಮೇಲೆ ಕಡಲೆಬೀಜದ ಚಿಕ್ಕಿ. ಬೆಲ್ಲದ ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು, ಅದನ್ನು ತಟ್ಟೆಗೆ ಹಾಕಿದರೆ ಟಣ್ಣೆನ್ನಬೇಕು. ಈ ಸದ್ದನ್ನು ಕೇಳಿ ಗುರುತಿಸುವ ಕಿವಿ ನಮ್ಮ ಅಜ್ಜಿಯರಿಗಿದೆ, ಯುವಜನರಿಗಿಲ್ಲ. ಹಾಗಾಗಿ ಎಂಬತ್ತರ ಅಜ್ಜಿಯೂ ಹದಿನೆಂಟರ ಹುಡುಗಿಯೂ ಒಂದೇ ಒಲೆಯ ಮುಂದೆ ಮೂರು ಸಂಜೆ ಕಳೆದರು.

ಕಡ್ಡಿ ಕತ್ತರಿಸಿ, ಕಾಗದ ಸುತ್ತಿದವರು ಯಾರು ಗೊತ್ತೇ? ಆ ಆಟೋ ಚಾಲಕರೇ. ಡಯಾಲಿಸಿಸ್ ಇಲ್ಲದ ದಿನಗಳಲ್ಲಿ ಹೆಂಡತಿಯೊಂದಿಗೆ ಬಂದು ಸಭಾಭವನದ ಮೂಲೆಯಲ್ಲಿ ಕುಳಿತುಕೊಳ್ಳುತ್ತಿದ್ದರು. ಚಾಕೊಲೇಟು, ಕೊಬ್ಬರಿ, ಬೆಲ್ಲ, ಕಡಲೆಬೀಜ, ಅಲ್ಲಿದ್ದ ಒಂದೊಂದೂ ಅವರಿಗೆ ವೈದ್ಯರು ಬೇಡವೆಂದದ್ದೇ. ನೀರು ಕೂಡ ಅಳತೆಯಲ್ಲಿ. ತಮಗಾಗಿ ತಯಾರಾಗುತ್ತಿದ್ದ ಮಿಠಾಯಿಯ ಒಂದು ಚೂರನ್ನೂ ಅವರು ಬಾಯಿಗೆ ಹಾಕುವಂತಿರಲಿಲ್ಲ. ನನಗೆ ಸಂಕಟವಾಗಿ, "ಇಲ್ಲಿ ಕೂರೋದು ಕಷ್ಟ ಆಗಲ್ವೇ?" ಎಂದು ಕೇಳಿದೆ. ಅವರು ನಕ್ಕು ಹೇಳಿದ ಮಾತು ಇದು: "ಕಾಸು ಕೇಳ್ತಾನೆ ಅಂತ ಜನ ನನ್ನ ಕಂಡ್ರೆ ರಸ್ತೆ ಬದಲಾಯಿಸ್ತಿದ್ರು ಸ್ವಾಮಿ. ಇಲ್ಲಿ ಕಡ್ಡಿ ಕೊಡಿ ಅಂತ ಎಲ್ರೂ ನನ್ನ ಹತ್ರಾನೇ ಬರ್ತಾರೆ."

ಆ ವರ್ಷದ ರೋಗಿಗಳ ದಿನದ ಸಂದೇಶದಲ್ಲಿ ದಿವಂಗತ ಪೋಪ್ ಫ್ರಾನ್ಸಿಸ್‌ರವರು ಬರೆದದ್ದೂ ಒಂಟಿತನದ ಬಗ್ಗೆಯೇ; ಸಂಬಂಧಗಳನ್ನು ಗುಣಪಡಿಸುವುದೂ ರೋಗಿಯನ್ನು ಗುಣಪಡಿಸುವ ಒಂದು ದಾರಿ ಎಂಬುದು ಅದರ ತಿರುಳು. ಪ್ರಭುವು ಕುಷ್ಠರೋಗಿಯನ್ನು ಬರೀ ಮಾತಿನಿಂದಲೇ ಗುಣಪಡಿಸಬಹುದಿತ್ತು. ಮೊದಲು ಮುಟ್ಟಿದರು. ಅದೆಷ್ಟು ವರ್ಷಗಳಿಂದ ಯಾರೂ ಮುಟ್ಟದ ಮೈ ಅದು. ಮಾರ್ಕನ ಆ ವಾಕ್ಯವನ್ನು ಇಷ್ಟು ವರ್ಷ ಓದಿದ್ದೇನೆ, ಆ ಭಾನುವಾರ ಪೀಠದಲ್ಲಿ ಓದುವಾಗ ನನ್ನ ದನಿ ನಿಂತಿತು.

ಲೆಕ್ಕವನ್ನೂ ಹೇಳಿಬಿಡುತ್ತೇನೆ, ಚರ್ಚಿನ ಹಣಕ್ಕೆ ಲೆಕ್ಕ ಬೇಕು. ಬಂದದ್ದು 31,450 ರೂಪಾಯಿ. ಖರ್ಚು 9,870. ಉಳಿದ 21,580 ರೂಪಾಯಿಯನ್ನು ಆ ಕುಟುಂಬಕ್ಕೆ ತಲುಪಿಸಿದೆವು. ಅವರ ಕಷ್ಟದ ಮುಂದೆ ಇದು ದೊಡ್ಡ ಮೊತ್ತವಲ್ಲ, ಆಟೋ ಸಾಲ ತೀರಲಿಲ್ಲ. ಹೂವಿನ ತಾಯಿಗೆ ಮೂರು ಕಟ್ಟು ಗುಲಾಬಿ ಉಳಿದುಹೋಯಿತು. ಅದನ್ನು ನಾವು ಬಿಟ್ಟುಕೊಡುತ್ತೇವೆ ಎಂದರೂ ಕೇಳದೆ ಸೋಮವಾರ ಬಂದು ಮೂವತ್ತು ಕಟ್ಟಿನ ಹಣವನ್ನೂ ಪೂರ್ತಿ ಎಣಿಸಿ ಕೊಟ್ಟರು. "ವ್ಯಾಪಾರ ಅಂದ್ರೆ ವ್ಯಾಪಾರ" ಎಂದರು. ನಮ್ಮ ದಾನಕ್ಕಿಂತ ಆ ಮಾತಿಗೆ ಹೆಚ್ಚು ತೂಕವಿದೆ ಎಂದು ನನಗನ್ನಿಸಿತು.

ಹಿರಿಯರೇ, ನೀವು ಕೇಳಿದ್ದಕ್ಕೆ ಇದೇ ನನ್ನ ಉತ್ತರ. ಈ ಸಲ ನೀವು ಬಂದು ಚಿಕ್ಕಿಯ ಪಾಕ ನೋಡಬೇಕೆಂದು ಹುಡುಗರು ಕೇಳಿಕೊಂಡಿದ್ದಾರೆ. ನಿಮ್ಮ ಮನೆಯ ಚಿಕ್ಕಿ ಊರಿಗೇ ಗೊತ್ತು. ಹಣ ಹೋಗುವ ಮನೆಯವರು ಹೆಸರು ಹೇಳಬೇಡಿ ಎಂದಿದ್ದಾರೆ, ಹೇಳುವುದಿಲ್ಲ. ಗುರುವಾರದಿಂದ ಶನಿವಾರದವರೆಗೆ ಸಂಜೆ ಆರಕ್ಕೆ ಸಭಾಭವನದಲ್ಲಿ ಕೆಲಸ. ಬರುವವರು ಮನೆಯಿಂದ ತುರಿಮಣೆ ತನ್ನಿ, ನಮ್ಮಲ್ಲಿ ಎರಡೇ ಇವೆ. ಕಡ್ಡಿಯ ಜವಾಬ್ದಾರಿ ಈ ಸಲವೂ ಆಟೋ ಅಣ್ಣನದೇ; ಹಸಿ ಗರಿ ಬೇಡ, ಒಣಗಿದ್ದು ತನ್ನಿ ಎಂದು ಹೇಳಿಕಳಿಸಿದ್ದಾರೆ. ಗುಲಾಬಿ ಬೇಕಾದವರು ಗೇಟಿನ ಬಳಿ ಈಗಲೇ ಹೇಳಿಟ್ಟು ಹೋಗಿ.