ಎಷ್ಟು ಕರೆಂಟು ಬೇಕು? ಎಷ್ಟು ನೀರು ಬೇಕು?

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾನು ಎಸ್.ಎಸ್.ಎಲ್.ಸಿ. ಓದಿದ ರೈತ. ಭಾಷಣ ಮಾಡಿ ರೂಢಿ ಇಲ್ಲ. ಸಂಘದ 25 ವರ್ಷದ ಸಾಧನೆಯನ್ನು ಅಧ್ಯಕ್ಷರು ಹೇಳಿದ್ದಾರೆ, ನಾನು ಮತ್ತೆ ಹೇಳುವುದಿಲ್ಲ. ನನಗೆ ಕೊಟ್ಟ ವಿಷಯ ವಿದ್ಯುತ್ತು, ಹವಾಮಾನ ಮತ್ತು ಅದರ ಖರ್ಚು. ವಿಷಯ ದೊಡ್ಡದು. ಆದರೆ ಇದೂ ಕೊನೆಗೆ ಒಂದು ಜಮಾ-ಖರ್ಚಿನ ಲೆಕ್ಕವೇ ಅಂತ ಧೈರ್ಯ ಮಾಡಿದ್ದೇನೆ.

ಮೊದಲು ನನ್ನ ತಪ್ಪು ಹೇಳುತ್ತೇನೆ. ವರದಾ ದಂಡೆಯ ನನ್ನ ಹೊಲಕ್ಕೆ 5 ಎಚ್.ಪಿ. ಮೋಟಾರು ಇತ್ತು. ನೀರು ಸಾಲದು ಅನಿಸಿತು. ಕೇಳಿದವರೆಲ್ಲ "ಏಳೂವರೆ ಕೂಡಸಪಾ, ಬಿಲ್ಲೇನು ನೀ ತುಂಬತೀಯೇನು?" ಅಂದರು. ಇದೇ ಸಂಘದಲ್ಲಿ ಸಾಲ ತೆಗೆದು ಕೂಡಿಸಿದೆ. ವೋಲ್ಟೇಜ್ ಇಲ್ಲದ ಒಂದು ರಾತ್ರಿ ಅದು ಸುಟ್ಟಿತು. ರಿವೈಂಡಿಂಗ್ ಮಾಡಿಸಿದೆ, ಮತ್ತೆ ಸುಟ್ಟಿತು. ಕರೆಂಟು ಬಿಲ್ಲು ಸೊನ್ನೆ, ರಿಪೇರಿ ಖರ್ಚು ಮಾತ್ರ ಸಾಲದ ಕಂತಿಗಿಂತ ಹೆಚ್ಚು. ಕೊನೆಗೆ ಬಂದ ಹಳೆಯ ಮೆಕ್ಯಾನಿಕ್ ಒಬ್ಬ ಮೋಟಾರಿನ ಕಡೆ ನೋಡಲೇ ಇಲ್ಲ, ಪೈಪು ನೋಡಿದ. "ಪೈಪು ಸಣ್ಣದೈತಿ, ಫುಟ್‌ವಾಲ್ವು ಕಟ್ಟಿಕೊಂಡೈತಿ. ಮೋಟಾರಿನ ಶಕ್ತಿಯೆಲ್ಲ ಇಲ್ಲೇ ಹೊಂಟೈತಿ" ಅಂದ. ಅವೆರಡನ್ನೂ ಬದಲಿಸಿ ಹಳೆಯ 5 ಎಚ್.ಪಿ.ಯನ್ನೇ ಕೂಡಿಸಿದೆ. ನೀರು ಸಾಕಾಯಿತು. ನನಗೆ ಬೇಕಾದದ್ದು ಎಚ್.ಪಿ. ಅಲ್ಲ, ನೀರು. ಇಷ್ಟು ತಿಳಿಯುವುದಕ್ಕೆ ಎರಡು ಬೆಳೆ ಹೋದವು.

ಇದೇ ಮಾತನ್ನು ಇಡೀ ರಾಜ್ಯಕ್ಕೆ ಲೆಕ್ಕ ಹಾಕಿ ತೋರಿಸಿದವರು ನಮ್ಮವರೇ ಆದ ಪ್ರೊ. ಅಮೂಲ್ಯ ರೆಡ್ಡಿಯವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದವರು. ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕಾಗಿ 1974ರಲ್ಲಿ ಅಲ್ಲಿ 'ಅಸ್ತ್ರ' ಕೇಂದ್ರ ಕಟ್ಟಿದರು. ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರಿನ ಸಗಣಿ ಕೂಡಿಸಿ ಗೋಬರ್ ಗ್ಯಾಸಿನಿಂದ ಮನೆಮನೆಗೆ ದೀಪ, ಕುಡಿಯುವ ನೀರು ಕೊಟ್ಟ ಕೆಲಸವೂ ಅವರದೇ. 2006ರಲ್ಲಿ ತೀರಿಕೊಂಡರು.

1987ರಲ್ಲಿ ರಾಜ್ಯದ ವಿದ್ಯುತ್ ಯೋಜನಾ ಸಮಿತಿಯೊಂದು 2000ನೇ ಇಸವಿಗೆ ಸುಮಾರು 9,400 ಮೆಗಾವಾಟ್ ಬೇಕು ಅಂತ ಲೆಕ್ಕ ಹಾಕಿತು. ಹಿಂದಿನ ಬೇಡಿಕೆ ಹೇಗೆ ಏರಿತೋ ಮುಂದೂ ಹಾಗೆಯೇ ಏರುತ್ತದೆ ಎಂಬುದೇ ಅದಕ್ಕೆ ಆಧಾರ. ರೆಡ್ಡಿಯವರು ಮತ್ತು ಸಂಗಡಿಗರು ಬೇರೆ ಪ್ರಶ್ನೆ ಕೇಳಿದರು: ಜನರಿಗೆ ಬೇಕಾದದ್ದು ಯೂನಿಟ್ಟೋ, ಬೆಳಕು-ನೀರು-ಉದ್ಯೋಗವೋ? ಎಲ್ಲ ಮನೆಗೂ ದೀಪ, ಅಂತರ್ಜಲ ತಾಳುವಷ್ಟು ಪಂಪಸೆಟ್ಟು, ಕೈಗೆ ಕೆಲಸ ಕೊಡುವ ಕೈಗಾರಿಕೆ, ಇವನ್ನು ಮೊದಲು ಬರೆದುಕೊಂಡರು. ಒಳ್ಳೆಯ ಬಲ್ಬು, ಒಳ್ಳೆಯ ಪಂಪು, ಬಿಸಿನೀರಿಗೆ ಸೌರ ಹೀಟರು, ಸಕ್ಕರೆ ಕಾರ್ಖಾನೆಯ ಕಬ್ಬಿನ ಸಿಪ್ಪೆಯಿಂದ ಕರೆಂಟು, ಹೀಗೆ ಅಗ್ಗದ್ದನ್ನು ಮೊದಲು, ತುಟ್ಟಿಯದನ್ನು ಕೊನೆಗೆ ಇಟ್ಟು ಕೂಡಿಸಿದರು. ಉತ್ತರ ಬಂದದ್ದು ಸುಮಾರು 4,000 ಮೆಗಾವಾಟ್. ಖರ್ಚು ಸಮಿತಿಯ ಲೆಕ್ಕದ ಮೂರನೇ ಒಂದು ಭಾಗದಷ್ಟು. ಕಲ್ಲಿದ್ದಲಿನ ಹೊಗೆಯೂ ಬಹಳ ಕಡಿಮೆ. ಸರ್ಕಾರ ಅದನ್ನು ಪೂರ್ತಿ ನಡೆಸಲಿಲ್ಲ. ಆದರೆ ಇಂದು 60 ವ್ಯಾಟಿನ ಬಲ್ಬಿನ ಜಾಗದಲ್ಲಿ 9 ವ್ಯಾಟಿನ ಎಲ್.ಇ.ಡಿ. ಉರಿಯುವಾಗ ಅವರ ಮಾತು ನೆನಪಾಗುತ್ತದೆ.

ಹವಾಮಾನ ಸುಧಾರಿಸಲು ಬಹಳ ಖರ್ಚು ಬರುತ್ತದೆ ಅಂತ ಹೇಳುವವರು ಇದ್ದಾರೆ. ಈ ಜಗಳದ ಗುಟ್ಟು ನಮ್ಮಂಥ ಸೊಸಾಯಟಿಯವರಿಗೇ ಬೇಗ ತಿಳಿಯುತ್ತದೆ. ಅದು ಬಡ್ಡಿ ದರದ ಜಗಳ! ನೂರು ವರ್ಷದ ನಂತರ 100 ರೂಪಾಯಿ ಹಾನಿ ಆಗುತ್ತದೆ ಅನ್ನಿ. ಅದನ್ನು ತಪ್ಪಿಸಲು ಇವತ್ತು ಎಷ್ಟು ಖರ್ಚು ಮಾಡಬಹುದು? ಚಕ್ರಬಡ್ಡಿ ಶೇ. 5 ಹಿಡಿದರೆ ಇಂದಿನ ಬೆಲೆ 76 ಪೈಸೆ, ಶೇ. 1.4 ಹಿಡಿದರೆ ಸುಮಾರು 25 ರೂಪಾಯಿ. 2006ರಲ್ಲಿ ಇಂಗ್ಲೆಂಡಿನ ನಿಕೊಲಸ್ ಸ್ಟರ್ನ್ ಅವರು ಈ ಕಡಿಮೆ ದರ ಹಿಡಿದು, ಈಗಲೇ ಖರ್ಚು ಮಾಡುವುದೇ ಅಗ್ಗ ಎಂದರು. ಅಮೆರಿಕದ ವಿಲಿಯಂ ನಾರ್ಡ್‌ಹೌಸ್ ಅವರು ಆ ದರ ತೀರಾ ಕಡಿಮೆ, ಪೇಟೆಯ ದರಕ್ಕೆ ಹೊಂದಬೇಕು ಎಂದರು. 2018ರಲ್ಲಿ ಅವರಿಗೆ ನೊಬೆಲ್ ಬಂತು. ಇಬ್ಬರೂ ಪಂಡಿತರೇ. ನನಗನಿಸುವುದು ಇಷ್ಟೆ: ಬಡ್ಡಿ ಹೆಚ್ಚು ಹಿಡಿದಷ್ಟೂ ಮೊಮ್ಮಕ್ಕಳು ಅಗ್ಗ ಆಗುತ್ತಾರೆ.

ಹಾನಿ ನಮಗೆ ಹೊಸದಲ್ಲ. 2019ರ ಆಗಸ್ಟಿನಲ್ಲಿ ವರದೆ ಹೊಲಕ್ಕೆ ಬಂದಳು. 2023ರಲ್ಲಿ ರಾಜ್ಯದ 223 ತಾಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದರು. ಪ್ರತಿಯೊಂದು ನೆರೆಗೂ ಬರಕ್ಕೂ ಹೊಗೆಯೇ ಕಾರಣ ಅಂತ ನಾನು ಹೇಳಲಾರೆ. ಆದರೆ ಬೆಳೆ ಹೋದಾಗ ಸಾಲದ ಕಂತು ತಪ್ಪುವುದು ನಮ್ಮ ಸಂಘದ ಪುಸ್ತಕದಲ್ಲಿಯೇ.

ಇನ್ನು ಪುಕ್ಕಟೆ ಕರೆಂಟಿನ ಮಾತು. 10 ಎಚ್.ಪಿ.ವರೆಗಿನ ಪಂಪಸೆಟ್ಟಿನ ಬಿಲ್ಲನ್ನು ಸರ್ಕಾರ ತುಂಬುತ್ತದೆ. ಅದು ಬೇಡ ಅಂತ ನಾನು ಹೇಳುವವನಲ್ಲ. ಅದಿಲ್ಲದಿದ್ದರೆ ನಾನೂ ಒಕ್ಕಲುತನ ಬಿಡಬೇಕಾದೀತು. ಆದರೆ ಆಟೋ ಸ್ಟಾರ್ಟರು ಹಾಕಿ ನಾವು ಮಲಗಿರುತ್ತೇವೆ. ನಡುರಾತ್ರಿ ಕರೆಂಟು ಬಂದು ನೀರು ಬದು ದಾಟಿ ಹರಿಯುತ್ತದೆ. ಬಿಲ್ಲು ಸೊನ್ನೆ ಇರಬಹುದು, ಬೋರಿನ ನೀರು ಕೆಳಗಿಳಿಯುವುದು ಸೊನ್ನೆ ಅಲ್ಲ. ಪಂಪು ಸುಧಾರಿಸಿ ಉಳಿದ ನೀರನ್ನೂ ಎತ್ತಿಬಿಟ್ಟರೆ ಅದೂ ಉಳಿತಾಯವಲ್ಲ.

ಆದ್ದರಿಂದ ನನ್ನದೊಂದು ಸೂಚನೆ. ಮೋಟಾರಿನ ಸಾಲದ ಅರ್ಜಿ ಬಂದಾಗ ನಾವು ನಿರ್ದೇಶಕರು "ಎಷ್ಟು ಎಚ್.ಪಿ.?" ಅಂತ ಕೇಳುತ್ತೇವೆ. ನಾನೂ ಹಾಗೇ ಕೇಳಿ ಎಷ್ಟೋ ಅರ್ಜಿಗೆ ಸಹಿ ಹಾಕಿದ್ದೇನೆ. ಇನ್ನು ಮುಂದೆ ನಾಲ್ಕು ಪ್ರಶ್ನೆ ಕೇಳೋಣ: ಯಾವ ಬೆಳೆ, ಎಷ್ಟು ಎಕರೆ, ನೀರು ಎಷ್ಟು ಆಳ, ಪೈಪು ಎಷ್ಟು ಇಂಚು? ಪೈಪು, ಫುಟ್‌ವಾಲ್ವು ಬದಲಿಸಲಿಕ್ಕೆ ಸಣ್ಣ ಸಾಲ ಬೇರೆ ಕೊಡೋಣ. ಬರುವ ವಾರ್ಷಿಕ ಸಭೆಯಲ್ಲಿ ಇದನ್ನು ಠರಾವಿಗೆ ಇಡುತ್ತೇನೆ, ತಪ್ಪಿದ್ದರೆ ಅಲ್ಲಿಯೇ ತಿದ್ದಿರಿ.