ಒಂದೇ ಮೈಯ ಕಂಪ್ಯೂಟರು



ಆಳಂದದಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿರುವ ಹುಡುಗನೊಬ್ಬ ಮೊನ್ನೆ ಕೇಳಿದ: “ಸರ್, ದೊಡ್ಡ ಆಲ್‌ ಇನ್ ಒನ್ ತಗೊಳ್ಳಲೇನ್ರಿ? ಇಲ್ಲಾ ಸಿಪಿಯು ಬ್ಯಾರೆ, ಮಾನಿಟರ್ ಬ್ಯಾರೆ ಇದ್ದದ್ದೇ ಇರಲೇನ್ರಿ?” ಅಫಜಲಪುರದಲ್ಲೂ ಜೇವರ್ಗಿಯಲ್ಲೂ ಇದೇ ಮಾತು ಕೇಳಿದ್ದೇನೆ. ಸಾಲ ಮಾಡಿ ಕೊಳ್ಳುವ ಯಂತ್ರ ಅದು. ಅದಕ್ಕೇ ಉತ್ತರಕ್ಕೆ ಮೊದಲು ಸ್ವಲ್ಪ ಹಿಂದಿನಿಂದ ಬರುತ್ತೇನೆ.

ಕರ್ನಾಟಕದಲ್ಲಿ ಹೊಲದ ದಾಖಲೆಯನ್ನು ಕಂಪ್ಯೂಟರಿಗೆ ಏರಿಸುವ ಪ್ರಯೋಗ ಮೊದಲು ನಡೆದದ್ದು ನಮ್ಮ ಕಲಬುರಗಿ ಜಿಲ್ಲೆಯಲ್ಲೇ, 1991ರಲ್ಲಿ. ಆಗ ಇದು ಗುಲಬರ್ಗಾ. ಅಲ್ಲಿಯವರೆಗೆ ಪಹಣಿ ಅಂದರೆ ಕೈಬರಹದ ಪುಸ್ತಕ. ಅದು ಯಾರ ಕೈಯಲ್ಲಿತ್ತೋ ಊರು ಅವರ ಕೈಯಲ್ಲಿತ್ತು. ಪ್ರಯೋಗದ ಉದ್ದೇಶ ಒಳ್ಳೆಯದೇ. ಆದರೆ ಯಂತ್ರಗಳು ಕೂತದ್ದು ಜಿಲ್ಲಾ ಕೇಂದ್ರದಲ್ಲಿ, ಹೊಲಗಳಿದ್ದದ್ದು ತಾಲ್ಲೂಕುಗಳಲ್ಲಿ. ಜೇವರ್ಗಿಯಲ್ಲಿ ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡರೆ ಅದು ಆ ಯಂತ್ರಕ್ಕೆ ತಿಳಿಯಬೇಕಲ್ಲ? ಅದಕ್ಕೆ ತಾಲ್ಲೂಕಿನಲ್ಲಿ ಏರ್ಪಾಟೇ ಇರಲಿಲ್ಲ. ಒಮ್ಮೆ ತುಂಬಿದ ಮಾಹಿತಿ ಹಾಗೇ ಹಳತಾಯಿತು.

ಆ ತಪ್ಪನ್ನು ತಿದ್ದಿದ್ದು ‘ಭೂಮಿ’ ಯೋಜನೆ. 2000ದ ಆಸುಪಾಸಿಗೆ ಯಂತ್ರವೇ ತಹಸೀಲ್ ಕಚೇರಿಗೆ ಬಂತು. 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಒಳಗೆ ಸೇರಿದವು. 15 ರೂಪಾಯಿಗೆ ಪ್ರತಿ ಸಿಗತೊಡಗಿತು, ಕೈಬರಹದ ಪಹಣಿಗೆ ಬೆಲೆ ಇಲ್ಲದಾಯಿತು. ಆ ಏರ್ಪಾಟಿನಲ್ಲಿ ನನಗೆ ತುಂಬ ಹಿಡಿಸಿದ ಸಂಗತಿ ಒಂದಿದೆ: ಕಿಟಕಿಯಲ್ಲಿ ಎರಡು ಪರದೆ. ಒಂದು ಒಳಗೆ ಕೂತವರ ಕಡೆಗೆ, ಇನ್ನೊಂದು ಹೊರಗೆ ನಿಂತ ರೈತನ ಕಡೆಗೆ. ತನ್ನ ಸರ್ವೆ ನಂಬರಿನಲ್ಲಿ ಏನು ನಡೆಯುತ್ತಿದೆ ಅಂತ ರೈತ ನಿಂತಲ್ಲೇ ನೋಡಬಹುದಿತ್ತು.

ಇನ್ನು ಆಲ್ ಇನ್ ಒನ್ ಅನ್ನುವ ಒಂದೇ ಮೈಯ ಕಂಪ್ಯೂಟರಿನ ಕಥೆ. ಅದು ಹೊಸದೇನೂ ಅಲ್ಲ. 1977ರ ಕಮೊಡೋರ್ ಪೆಟ್‌ನಲ್ಲಿ ಪರದೆ, ಕೀಲಿಮಣೆ, ಕ್ಯಾಸೆಟ್ ಎಲ್ಲ ಒಂದೇ ಡಬ್ಬಿಯಲ್ಲಿದ್ದವು. 1984ರಲ್ಲಿ ಬಂದ ಆಪಲ್ ಮ್ಯಾಕಿಂಟಾಷ್‌ಗೆ 9 ಇಂಚಿನ ಪರದೆ. 1998ರ ಐಮ್ಯಾಕ್ ಕಣ್ಣು ಸೆಳೆಯುವ ನೀಲಿ ಬಣ್ಣದ್ದು, ಆದರೆ ಹಿಂದೆ ಹಳೆಯ ಟಿವಿಯಂಥ ಗಾಜಿನ ಕೊಳವೆ, ತೂಕ 17 ಕಿಲೊ. ಪರದೆ ತೆಳುವಾದ ಮೇಲೆ, 2004ರಲ್ಲಿ, ಇಡೀ ಯಂತ್ರ ಅದರ ಬೆನ್ನಿಗೇ ಅಂಟಿಕೊಂಡಿತು. 2009ರಲ್ಲಿ ಅದೇ ಐಮ್ಯಾಕ್ 27 ಇಂಚಿಗೆ ಬೆಳೆಯಿತು. ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು.

ದೊಡ್ಡ ಪರದೆಯ ಸುಖ ಸುಳ್ಳಲ್ಲ. ಲಗ್ನಪತ್ರಿಕೆಯ ಎರಡು ಪುಟ ಪಕ್ಕಪಕ್ಕದಲ್ಲಿ ಪೂರ್ತಿ ಕಾಣುತ್ತವೆ. ಒತ್ತಕ್ಷರ ಕಣ್ಣು ಕಿರಿದು ಮಾಡದೆ ಓದಬಹುದು. ಸಿಪಿಯು, ಮಾನಿಟರ್, ಸ್ಪೀಕರ್, ಕ್ಯಾಮೆರಾಗಳ ವೈರಿನ ಗೋಜಲು ಹೋಗಿ ಒಂದೇ ವೈರು ಉಳಿಯುತ್ತದೆ. ಎಂಟಡಿ ಅಂಗಡಿಯಲ್ಲಿ ಉಳಿದ ಜಾಗ ಅಂದರೆ ಇನ್ನೊಂದು ಪ್ರಿಂಟರಿಗೆ ಜಾಗ. ಪರದೆ ಸ್ವಲ್ಪ ತಿರುಗಿಸಿದರೆ ಎದುರು ನಿಂತ ಅಜ್ಜನಿಗೂ ತನ್ನ ಪಹಣಿ ಕಾಣುತ್ತದೆ.

ಆದರೆ ನಮ್ಮ ಬೇಸಿಗೆಯನ್ನು ಮರೆತು ಲೆಕ್ಕ ಹಾಕಬಾರದು. ಇಂಥ ಯಂತ್ರಕ್ಕೆ ತಯಾರಕರು ಸಾಮಾನ್ಯವಾಗಿ ಹಾಕುವ ಮಿತಿ 35 ಡಿಗ್ರಿ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ದಾಟುತ್ತದೆ, ತಗಡಿನ ಮಾಡಿನ ಅಂಗಡಿಯ ಒಳಗೆ ಇನ್ನೂ ಕಷ್ಟ. ತೆಳ್ಳಗಿನ ಮೈಯಲ್ಲಿ ಗಾಳಿಗೆ ದಾರಿ ಕಡಿಮೆ. ಎರೆಮಣ್ಣಿನ ಧೂಳು ಆ ಸಣ್ಣ ಫ್ಯಾನಿನಲ್ಲಿ ಕೂತರೆ ಯಂತ್ರ ಬಿಸಿಯಾಗಿ ಮೆಲ್ಲಗಾಗುತ್ತದೆ, ಒಮ್ಮೊಮ್ಮೆ ನಿಂತೇ ಬಿಡುತ್ತದೆ. ಸಿಪಿಯು ಡಬ್ಬಿಯಾದರೆ ಪಕ್ಕದ ಎರಡು ಸ್ಕ್ರೂ ತೆಗೆದು ಬ್ಲೋವರ್ ಹಿಡಿದರೆ ಮುಗಿಯಿತು. ಆಲ್ ಇನ್ ಒನ್‌ನ ಕೆಲವು ಮಾದರಿಗಳಲ್ಲಿ ಗಾಜನ್ನೇ ಅಂಟು ಬಿಡಿಸಿ ಎತ್ತಬೇಕು. ಅದು ಎಲ್ಲರ ಕೈಲಾಗುವ ಕೆಲಸವಲ್ಲ.

ನಿಜವಾದ ಕೊರತೆ ಇರುವುದು ಇಲ್ಲಿಯೇ. ಕರೆಂಟಿನ ಏರಿಳಿತಕ್ಕೆ ಡಬ್ಬಿಯ ಎಸ್‌ಎಂಪಿಎಸ್ ಅಂದರೆ ಪವರ್ ಸಪ್ಲೈ ಸುಟ್ಟರೆ ತಾಲ್ಲೂಕಿನಲ್ಲೇ ಬೇರೆಯದು ಸಿಗುತ್ತದೆ, ಸಂಜೆಯೊಳಗೆ ಅಂಗಡಿ ನಡೆಯುತ್ತದೆ. ಮಾನಿಟರ್ ಕೆಟ್ಟರೆ ಪಕ್ಕದವರದ್ದನ್ನು ತಂದು ಜೋಡಿಸಬಹುದು. ಒಂದೇ ಮೈಯ ಯಂತ್ರದಲ್ಲಿ ಪರದೆ ಕೆಟ್ಟರೂ ಬೋರ್ಡು ಕೆಟ್ಟರೂ ಇಡೀ ಯಂತ್ರವನ್ನೇ ಹೊತ್ತುಕೊಂಡು ಕಲಬುರಗಿ ಬಸ್ ಹತ್ತಬೇಕು. 27 ಇಂಚಿನ ಗಾಜನ್ನು ಮಡಿಲಲ್ಲಿ ಇಟ್ಟುಕೊಂಡು ಅಫಜಲಪುರದಿಂದ ಹೊರಟವನ ಸಂಕಟ ನಾನು ಕಣ್ಣಾರೆ ಕಂಡಿದ್ದೇನೆ. ವಾರಗಟ್ಟಲೆ ಅವನ ಅಂಗಡಿ ಬಾಗಿಲು ಹಾಕಿತ್ತು. 1991ರಲ್ಲಿ ಹೊಲ ತಾಲ್ಲೂಕಿನಲ್ಲಿ, ಯಂತ್ರ ಜಿಲ್ಲೆಯಲ್ಲಿ. ಈಗ ಯಂತ್ರ ತಾಲ್ಲೂಕಿನಲ್ಲಿ, ಅದನ್ನು ಬಿಚ್ಚುವ ಕೈ ಜಿಲ್ಲೆಯಲ್ಲಿ.

ಇನ್ನೊಂದು ನಷ್ಟ ನಿಧಾನಕ್ಕೆ ತಿಳಿಯುತ್ತದೆ. ಒಳಗಿನ ಬೋರ್ಡು ಏಳೆಂಟು ವರ್ಷಕ್ಕೆ ಹಳತಾದರೂ ಪರದೆ ಚೆನ್ನಾಗಿಯೇ ಇರುತ್ತದೆ. ಅದನ್ನು ಮಾನಿಟರ್ ಮಾಡಿಕೊಳ್ಳೋಣ ಅಂದರೆ ಬಹಳ ಯಂತ್ರಗಳಲ್ಲಿ ದಾರಿಯೇ ಇಲ್ಲ. 2009ರಿಂದ 2014ರವರೆಗಿನ ಹಲವು ಐಮ್ಯಾಕ್‌ಗಳಲ್ಲಿ ಆ ಸೌಲಭ್ಯ ಇತ್ತು. ಇನ್ನೂ ಒಳ್ಳೆಯ ಪರದೆಯ 5ಕೆ ಮಾದರಿಯಲ್ಲಿ ಅದನ್ನು ತೆಗೆದುಬಿಟ್ಟರು. ಒಳ್ಳೆಯ ಗಾಜು ಗುಜರಿಗೆ ಹೋಗುವುದು ನನಗಂತೂ ಸಹಿಸದು.

ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಂಥ ಜಾಗದಲ್ಲಿ, ದುರಸ್ತಿಗೆ ಜನ ಇರುವಲ್ಲಿ, ಇಂಥ ಯಂತ್ರ ಚೆನ್ನ. ಒಬ್ಬನೇ ದುಡಿದು ಒಂದೇ ಯಂತ್ರದ ಮೇಲೆ ಸಂಸಾರ ನಡೆಸುವ ಅಂಗಡಿಗೆ ಅಲ್ಲ. ಅಲ್ಲಿಗೆ ಸಿಪಿಯು ಬೇರೆ ಇರಲಿ, ದೊಡ್ಡ ಮಾನಿಟರ್ ಬೇರೆ ಇರಲಿ, ಒಂದು ಯುಪಿಎಸ್ ಇರಲಿ.

ಆದರೂ ಆಲ್ ಇನ್ ಒನ್ನೇ ಬೇಕು ಅನ್ನುವವರು ಹಣ ಎಣಿಸುವ ಮೊದಲು ಮಾರುವವರನ್ನು ಎರಡು ಮಾತು ಕೇಳಿ. ಇದರಲ್ಲಿ ಎಚ್‌ಡಿಎಂಐ ‘ಇನ್’ ಇದೆಯೇ, ಅಂದರೆ ಮುಂದೆ ಇದನ್ನು ಬರೀ ಮಾನಿಟರ್ ಮಾಡಿಕೊಳ್ಳಬಹುದೇ? ಕೆಟ್ಟರೆ ನಮ್ಮೂರಲ್ಲಿ ಇದನ್ನು ಬಿಚ್ಚುವವರು ಯಾರು? “ಕಲಬುರಗಿಗೆ ಕಳಿಸ್ತೀವ್ರಿ” ಅಂದರೆ, ದಯವಿಟ್ಟು ಎದ್ದು ಬನ್ನಿ.