ಯಾರದೋ ದನಿ, ನಮ್ಮ ಕೈಯಲ್ಲಿ ಅಮಾನತು



ನಿಮ್ಮ ಮನೆಯ ಅಟ್ಟದ ಮೇಲೆ, ಟ್ರಂಕಿನ ತಳದಲ್ಲಿ ಹಳೆಯ ಕ್ಯಾಸೆಟ್ಟುಗಳು ಇವೆಯೇ? ಇದ್ದರೆ ಗುಜರಿಗೆ ಹಾಕುವ ಮುನ್ನ ನನ್ನ ನಾಲ್ಕು ಮಾತು ಕೇಳಿರಿ.

ಕಳೆದ ವರ್ಷ ನನ್ನ ವಿದ್ಯಾರ್ಥಿಯೊಬ್ಬ ಗುಜರಿ ಅಂಗಡಿಯಿಂದ ಒಂದು ಚೀಲ ಕ್ಯಾಸೆಟ್ಟು ಮತ್ತು ಒಂದು ನೋಟ್‌ಬುಕ್ಕು ತಂದ. ಕ್ಯಾಸೆಟ್ಟಿನಲ್ಲಿ ಯಾರೋ ಒಬ್ಬರು ಮೊಹರಂನ ರಿವಾಯತ್ ಪದ ಹಾಡಿದ್ದರು. ನಡುವೆ ಕೆಮ್ಮು, ಮಗುವಿನ ಅಳು, ಪಾತ್ರೆಯ ಸದ್ದು. ನೋಟ್‌ಬುಕ್ಕಿನಲ್ಲಿ ಅವೇ ಪದಗಳು. ಭಾಷೆ ಕನ್ನಡ, ಲಿಪಿ ಉರ್ದು. ಅಂಚಿನಲ್ಲಿ ಹಾನಗಲ್ಲ, ಸವಣೂರ, ಹಿರೇಕೆರೂರ ಎಂದು ಊರುಗಳ ಹೆಸರು. ಖತಲ್ ರಾತ್ರಿ ಎಲ್ಲಿ ಯಾವ ಪದ ಹಾಡಿದೆವು ಎಂಬ ಲೆಕ್ಕ. ಬರೆದವರ ಹೆಸರು ಮಾತ್ರ ಎಲ್ಲೂ ಇಲ್ಲ.

“ಸರ್, ಇದಕ್ಕ ಬೀಟ್ ಹಾಕಿ ಹೊಸಾ ಹಾಡ ಮಾಡ್ತೀನ್ರಿ” ಎಂದ ಹುಡುಗ. ಮಾಡು ಎನ್ನಬೇಕೋ, ಬೇಡ ಎನ್ನಬೇಕೋ ನನಗೆ ತಿಳಿಯಲಿಲ್ಲ.

ಹಳೆಯ ಪದಕ್ಕೆ ಹೊಸ ಸಂಗೀತ ಕೂಡಿಸುವುದು ನಮ್ಮ ನೆಲಕ್ಕೆ ಹೊಸದಲ್ಲ. ಶಿಗ್ಗಾಂವಿ ತಾಲೂಕಿನ ಶಿಶುನಾಳದ ಶರೀಫ ಸಾಹೇಬರನ್ನು (1819–1889) ನೆನೆಯಿರಿ. ಸ್ವಲ್ಪ ಕಾಲ ನಮ್ಮಂತೆಯೇ ಶಾಲಾ ಮಾಸ್ತರರಾಗಿದ್ದವರು, ಕಳಸದ ಗೋವಿಂದಭಟ್ಟರ ಶಿಷ್ಯರು. ಗಿರಣಿಯಂಥ ಹೊಸ ಯಂತ್ರವನ್ನೂ ಬಿಡದೆ ತತ್ತ್ವಪದವಾಗಿಸಿದವರು. ಅವರ ನಂತರ ಆ ಪದಗಳು ಭಜನಾ ಮೇಳದವರ ಕೊರಳಲ್ಲಿ, ಕೈಬರಹದ ವಹಿಗಳಲ್ಲಿ ಉಳಿದವು. ಕ್ಯಾಸೆಟ್ಟಿನ ಕಾಲದಲ್ಲಿ ಸಿ. ಅಶ್ವತ್ಥರು ಅವಕ್ಕೆ ಹೊಸ ರಾಗ ಹಾಕಿ ನಾಡಿಗೆಲ್ಲ ಕೇಳಿಸಿದರು, 1990ರಲ್ಲಿ ಟಿ.ಎಸ್. ನಾಗಾಭರಣರ ಚಲನಚಿತ್ರವೂ ಬಂತು. ಧಾಟಿ ಬದಲಾದರೂ ಶರೀಫರು ಕಳೆದುಹೋಗಲಿಲ್ಲ. ಏಕೆಂದರೆ ಅವರ ಪದಗಳಲ್ಲಿ ಶಿಶುನಾಳಧೀಶನ ಅಂಕಿತವಿದೆ. ಹಾಡು ಎಲ್ಲಿಗೆ ಹೋದರೂ ತನ್ನ ವಿಳಾಸವನ್ನು ಜೊತೆಗೇ ಒಯ್ಯುತ್ತದೆ.

ಹುಡುಗ ತಂದ ಕ್ಯಾಸೆಟ್ಟಿಗೆ ಅಂಕಿತವಿಲ್ಲ. ಅಂಥ ದನಿಯನ್ನು ಹೇಗೆ ಬಳಸಬೇಕು? ಇದಕ್ಕೆ ದೂರದ ಒಂದು ಉದಾಹರಣೆ ಇದೆ. 1971ರಲ್ಲಿ ಲಂಡನ್ನಿನ ಬೀದಿಯಲ್ಲಿ ಬದುಕುವವರ ಮೇಲೆ ಒಂದು ಚಿತ್ರ ತಯಾರಾಯಿತು. ಅದರಲ್ಲಿ ಬಳಸದೆ ಉಳಿದ ಟೇಪಿನಲ್ಲಿ ಮನೆಯಿಲ್ಲದ ಮುದುಕನೊಬ್ಬ ಒಂದು ಕ್ರೈಸ್ತ ಪ್ರಾರ್ಥನೆಯ ಸಾಲು ಹಾಡಿದ್ದ. ಗೇವಿನ್ ಬ್ರಯರ್ಸ್ ಎಂಬ ಸಂಗೀತಗಾರ ಆ ತುಣುಕನ್ನು ಮತ್ತೆ ಮತ್ತೆ ಬರುವಂತೆ ಜೋಡಿಸಿದ. ಟೇಪು ಪ್ರತಿಯಾಗುತ್ತಿದ್ದಾಗ ಬಾಗಿಲು ತೆರೆದಿಟ್ಟು ಹೊರಗೆ ಹೋಗಿದ್ದ. ಮರಳಿ ಬಂದಾಗ ಪಕ್ಕದ ಕೋಣೆಯವರು ಮೌನವಾಗಿದ್ದರು, ಕೆಲವರು ಅಳುತ್ತಿದ್ದರು. ಆ ಮೇಲೆ ಆತ ಮುದುಕನ ದನಿಯ ಸುತ್ತ ನಿಧಾನವಾಗಿ ವಾದ್ಯಗಳನ್ನು ಸೇರಿಸಿದ, ದನಿಯನ್ನು ಮುಚ್ಚಲಿಲ್ಲ. ಆದರೆ ತನ್ನ ದನಿ ಏನಾಯಿತೆಂದು ಕೇಳುವ ಮೊದಲೇ ಮುದುಕ ತೀರಿಹೋಗಿದ್ದ.

ಆದ್ದರಿಂದ ವಿದ್ಯಾರ್ಥಿಗಳೇ, ಮೂರು ಮಾತು ನೆನಪಿಡಿ.

ಮೊದಲನೆಯದು, ಕಾಪಾಡಿರಿ. ಕ್ಯಾಸೆಟ್ಟೆಂದರೆ ತೆಳುವಾದ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಬ್ಬಿಣದ ಆಕ್ಸೈಡಿನ ಲೇಪ. ಬಿಸಿಲು, ತೇವ, ಬೂಷ್ಟು ಮೂರೂ ಅದಕ್ಕೆ ಶತ್ರು. ಬೆನ್ನಿನ ಅಂಚಿನಲ್ಲಿರುವ ಎರಡು ಸಣ್ಣ ಚಿಪ್ಪು ಮುರಿದರೆ ಅದರ ಮೇಲೆ ತಪ್ಪಿಯೂ ಬೇರೆ ರೆಕಾರ್ಡ್ ಆಗದು. ಟೇಪ್‌ರೆಕಾರ್ಡರಿನ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ತಂತಿ ಹಚ್ಚಿ, ಉಚಿತವಾಗಿ ಸಿಗುವ ಆಡಾಸಿಟಿಯಲ್ಲಿ ಪ್ರತಿ ತೆಗೆದಿಡಿ.

ಎರಡನೆಯದು, ಹುಡುಕಿರಿ. ಹಾಡಿದವರು ಯಾರು, ಮನೆಯವರು ಎಲ್ಲಿದ್ದಾರೆ ಎಂದು ನಾಲ್ಕು ಊರು ತಿರುಗಿ ಕೇಳಿರಿ. ಸಿಕ್ಕರೆ ಒಪ್ಪಿಗೆ ಪಡೆಯಿರಿ. ನಮ್ಮ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಆದ ತಿದ್ದುಪಡಿಯಿಂದ ಹಾಡಿದವರಿಗೂ ಹಕ್ಕು ಬಂದಿದೆ. ಈಗ ಅದರ ಅವಧಿ 50 ವರ್ಷ.

ಮೂರನೆಯದು, ಅದಬ್. ಕುರ್‌ಆನ್ ಪಠಣ, ಅಜಾನ್ ಇದ್ದರೆ ಅದನ್ನು ವಾದ್ಯಕ್ಕೆ ಬೆರೆಸಬೇಡಿ. ಮನೆಯ ಹೆಣ್ಣುಮಕ್ಕಳ ಖಾಸಗಿ ಮಾತು ಇದ್ದರೆ ಹೊರಗೆ ಹಾಕಬೇಡಿ.

ಇದನ್ನು ಹೇಳುವ ಹಕ್ಕು ನನಗಿದೆಯೇ ಎಂದೂ ಅನ್ನಿಸುತ್ತದೆ. ಚಿಕ್ಕವನಿದ್ದಾಗ ನಮ್ಮ ದಾದಾ ಹಾಡಿದ ಕ್ಯಾಸೆಟ್ಟಿನ ಮೇಲೆ ಸಿನಿಮಾ ಹಾಡು ತುಂಬಿಸಿದವನು ನಾನೇ. ದಾದಾ ಬೈಯಲಿಲ್ಲ. ಅವರು ತೀರಿಕೊಂಡ ಮೇಲೆ ಅದನ್ನು ಎರಡೂ ಬದಿ ಹಾಕಿ ಕೇಳಿದೆ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ ಅವರ ಅರ್ಧ ಸಾಲು ಉಳಿದಿತ್ತು, ಅಷ್ಟೇ.

ಹುಡುಗನೂ ನಾನೂ ನೋಟ್‌ಬುಕ್ಕಿನಲ್ಲಿದ್ದ ಊರುಗಳಿಗೆ ಹೋದೆವು. ಒಬ್ಬ ಹಿರಿಯರು ಕಣ್ಣು ಮುಚ್ಚಿ ಕೇಳಿ, “ಪದಾ ಗೊತ್ತೈತ್ರಿ ಮಾಸ್ತರ, ದನಿ ಗುರ್ತ ಹತ್ತವಲ್ದು” ಎಂದರು. ಹೆಸರು ಇನ್ನೂ ಸಿಕ್ಕಿಲ್ಲ. ಹುಡುಗ ಬೀಟ್ ಕೈಬಿಟ್ಟ. ಟೇಪಿನ ಸರ್ರೆಂಬ ಸದ್ದು, ನೋಟ್‌ಬುಕ್ಕಿನ ಹಾಳೆ ತಿರುವುವ ಸದ್ದು, ಇವುಗಳಿಂದಲೇ ತಾಳ ಕಟ್ಟಿದ. ಕೆಮ್ಮನ್ನು ಕತ್ತರಿಸಲಿಲ್ಲ. ಮೊದಲಿಗೆ ತನ್ನ ದನಿಯಲ್ಲಿ ಹೀಗೆ ಹೇಳಿದ್ದಾನೆ: “ಹಾಡಿದವರ ಹೆಸರು ನಮಗೆ ಗೊತ್ತಿಲ್ಲ. ಗೊತ್ತಿದ್ದವರು ದಯಮಾಡಿ ತಿಳಿಸಿರಿ.”

ಅಮಾನತನ್ನು ಯಜಮಾನನಿಗೆ ಒಪ್ಪಿಸುವುದು ನಮ್ಮ ದೀನ್ ಕಲಿಸಿದ ಪಾಠ. ಯಜಮಾನ ಸಿಗುವವರೆಗೆ ಜತನ ಮಾಡುವುದೂ ಅದೇ ಪಾಠ. ಇಂದು ಮನೆಗೆ ಹೋದ ಕೂಡಲೇ ನಿಮ್ಮ ನಾನಾ, ನಾನಿ, ದಾದಾ, ದಾದಿಯರ ಬಳಿ ಕುಳಿತು ಆ ಕ್ಯಾಸೆಟ್ಟುಗಳ ಮೇಲೆ ಹೆಸರು ಬರೆದಿಡಿ. ಹೇಳುವವರು ಇರುವಾಗಲೇ ಬರೆದಿಡಿ.